ಎಣ್ಣೆ ತೊಳೆದ ಕಲ್ಲು

ನಮ್ಮ ಮ್ಯೂಸಿಯಮ್ಮಿನ ಮುಂಬಾಗಿಲ ಚೌಕಟ್ಟಿನಲ್ಲಿ, ಬಲಗಡೆ, ನಾನು ನಿಂತರೆ ಸರಿಯಾಗಿ ನನ್ನ ಕಿವಿಯ ಮಟ್ಟಕ್ಕೆ, ಮರ ಸೀಳಿ ಎದ್ದ ಒಂದು ಗಾಯವಿದೆ. ಹೆಬ್ಬೆರಳು ಹೂತುಹೋಗುವಷ್ಟು ಆಳ. ಸುಣ್ಣ ಬಣ್ಣಕ್ಕೆ ಬಂದವರೆಲ್ಲ ಅದನ್ನು ಮುಚ್ಚಿಬಿಡಲೇ ಎಂದು ಕೇಳಿದ್ದಾರೆ. ಒಬ್ಬ ಬಡಗಿಯಂತೂ ಮರದ ಪುಡಿಗೆ ಅಂಟು ಕಲಸಿಕೊಂಡೇ ಬಂದಿದ್ದ. ಬೇಡ ಎಂದು ಕಳಿಸಿದೆ. ಒಳಗೆ ಇಷ್ಟೊಂದು ಹಳೆಯದನ್ನು ಜೋಪಾನ ಮಾಡಿದ್ದೇವೆ, ಇದೊಂದನ್ನು ಯಾಕೆ ಮುಚ್ಚಬೇಕು?

ಇಷ್ಟು ವರ್ಷಗಳಾದರೂ ಆ ಬಾಗಿಲು ದಾಟುವಾಗ ನನ್ನ ಬಲಗಿವಿ ಬಿಸಿಯಾಗುತ್ತದೆ. ಅಡುಗೆಮನೆಯಲ್ಲಿ ಸೌಟು ಬಿದ್ದರೂ ಕುತ್ತಿಗೆ ತಾನಾಗಿ ಎಡಕ್ಕೆ ವಾಲುತ್ತದೆ. ಬಸ್ಸಿನಲ್ಲಿ ಕೂತಾಗ, ಸಾರಿಗೆ ಹುಣಸೆಹಣ್ಣು ಕಿವುಚುವಾಗ, ಯಾವ ಸಂಬಂಧವೂ ಇಲ್ಲದ ಹೊತ್ತಿನಲ್ಲಿ ಆ ಕಬ್ಬಿಣ ಮತ್ತೆ ಮೇಲೇಳುತ್ತದೆ, ನಾನು ಮತ್ತೆ ಅಲ್ಲೇ ನಿಂತಿರುತ್ತೇನೆ. ಹೆದರಿಕೆ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾರನೆಯ ಬೆಳಿಗ್ಗೆಯೂ ಹೊತ್ತಿಗೆ ಸರಿಯಾಗಿ ಬೀಗ ತೆಗೆದೆ ಎನ್ನುವುದೂ ಅಷ್ಟೇ ನಿಜ.

ಅರವತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಇತಿಹಾಸದಲ್ಲಿ ಬಿ.ಎ. ಮುಗಿಸಿ ನಾನು ಚಿಂತಾಮಣಿಗೆ ಬಂದಿದ್ದೆ. ನಮ್ಮೂರು ಕೆಂಚಾರ್ಲಹಳ್ಳಿಯ ಕಡೆಯ ಒಂದು ಹಳ್ಳಿ. ನಮ್ಮೂರು ಎಂದು ಬಾಯಿಮಾತಿಗೆ ಹೇಳುತ್ತೇನೆ. ನಮ್ಮ ಮನೆ ಇದ್ದದ್ದು ಊರಾಚೆಯ ಕೇರಿಯಲ್ಲಿ. ಅಪ್ಪ ಊರಿನ ಸಾವುಗಳಿಗೆ ತಮಟೆ ಬಾರಿಸುತ್ತಿದ್ದ, ಊರಿನಲ್ಲಿ ದನ ಸತ್ತರೆ ಮಿಣಿ ಹಾಕಿ ಎಳೆದುಕೊಂಡು ಹೋಗುತ್ತಿದ್ದ. ಆ ತೊಗಲಿನ ಹಗ್ಗ ನಮ್ಮ ಗುಡಿಸಿಲಿನ ಒಳಗೆ ಬರುತ್ತಿರಲಿಲ್ಲ. ಹಿಂದಿನ ಬೇವಿನ ಕೊಂಬೆಗೆ ತೂಗಿರುತ್ತಿತ್ತು. ಆ ಕೇರಿಯಿಂದ ಕಾಲೇಜಿಗೆ ಹೋದ ಹೆಣ್ಣು ಆಗ ನಾನೊಬ್ಬಳೇ.

ಮ್ಯೂಸಿಯಮ್ಮು ಒಬ್ಬ ನಿವೃತ್ತ ಹೆಡ್‌ಮಾಸ್ತರರ ಹುಚ್ಚು. ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಪುರಸಭೆಯವರನ್ನು ಕಾಡಿ ಬೇಡಿ, ಹಂಚು ಒಡೆದುಹೋಗಿದ್ದ ಹಳೆಯ ಮುಸಾಫಿರಖಾನೆಯನ್ನು ಪಡೆದು, ಸುತ್ತಲಿನ ಊರುಗಳಿಂದ ಸಿಕ್ಕಿದ್ದನ್ನೆಲ್ಲ ತಂದು ತುಂಬುತ್ತಿದ್ದರು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ನಾನು ಕೇಳಿಕೊಂಡು ಹೋದಾಗ ಅವರು ನನ್ನ ಮಾರ್ಕ್ಸ್ ಕಾರ್ಡನ್ನು ಬಿಡಿಸಿಯೂ ನೋಡಲಿಲ್ಲ.

"ಧೂಳು ಆಗುತ್ತೇನಮ್ಮ ನಿಂಗೆ?"

"ಆಗುತ್ತೆ ಸಾರ್."

"ಜಿರಳೆ?"

"ಅದೂ ಆಗುತ್ತೆ."

"ಹಂಗಾದ್ರೆ ನಾಳೆಯಿಂದ ಬಾ."

ಜನ ಅದನ್ನು ಹಳೇ ಸಾಮಾನಿನ ಬಂಗಲೆ ಎನ್ನುತ್ತಿದ್ದರು. ಸಂತೆಗೆ ಬಂದವರು ಗಂಟುಮೂಟೆ ಜಗುಲಿಯ ಮೇಲಿಟ್ಟು ಒಳಗೆ ಸುತ್ತುಹಾಕಿ ಹೋಗುತ್ತಿದ್ದರು. ಮೊದಲ ಅಂಕಣದಲ್ಲಿ ಶಿಡ್ಲಘಟ್ಟದ ನೂಲು ಬಿಚ್ಚುವ ಹಳೆಯ ಚರಕ, ಗೂಡು ಬೇಯಿಸುವ ತಾಮ್ರದ ಬಾಣಲೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ. ಅದರ ಪಕ್ಕದಲ್ಲೇ ಗುಡ್ಡದ ಕೋಟೆಯಿಂದ ಉರುಳಿಬಂದ ಫಿರಂಗಿ ಗುಂಡುಗಳು, ಕಿರುಹಳಿಯ ಸಣ್ಣ ರೈಲಿನ ಗಾರ್ಡು ಹಿಡಿಯುತ್ತಿದ್ದ ಕೆಂಪು ಹಸಿರು ಗಾಜಿನ ಲಾಂದ್ರ, ಗೌರಿಬಿದನೂರಿನ ಬೆಲ್ಲದ ಅಚ್ಚುಗಳು. ಗಾಜಿನ ಜಾಡಿಯೊಂದರಲ್ಲಿ ಎರಡು ತಲೆಯ ಕುರಿಮರಿ ಇತ್ತು. ಎಲ್ಲರೂ ಮೊದಲು ಕೇಳುತ್ತಿದ್ದದ್ದು ಅದನ್ನೇ. ಒಳಕೋಣೆ ಚಿತ್ರಶಾಲೆ. ತೊಗಲುಗೊಂಬೆಗಳನ್ನು ಮೇಷ್ಟ್ರು ಕಿಟಕಿಗೆ ಅಡ್ಡವಾಗಿ ತೂಗುಹಾಕಿದ್ದರು. ಬೆಳಗಿನ ಬಿಸಿಲು ಬಿದ್ದಾಗ ರಾವಣನ ಹತ್ತು ತಲೆಗಳ ಬಣ್ಣವೂ ನೆಲದ ಮೇಲೆ ಹರಡುತ್ತಿತ್ತು. ಒಬ್ಬ ವರ್ತಕರ ಮನೆಯಿಂದ ಬಂದ ಗಾಜಿನ ಮೇಲಿನ ದೇವರ ಪಟಗಳಿದ್ದವು. ಯಾವುದೋ ಬಂಗಲೆಯಲ್ಲಿ ಬಿಟ್ಟುಹೋಗಿದ್ದ ಒಬ್ಬ ಬಿಳಿಯ ಹೆಂಗಸಿನ ದೊಡ್ಡ ಎಣ್ಣೆಚಿತ್ರವಿತ್ತು. ಅವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಳ್ಳಿ ಹೆಂಗಸರು ಅವಳ ಮುಂದೆ ನಿಂತು, "ಪಾಪ, ಕುಂಕುಮಾನೇ ಇಲ್ಲ," ಎಂದು ಲೊಚಗುಟ್ಟಿ ಮುಂದೆ ಹೋಗುತ್ತಿದ್ದರು.

ಹಿಂದಿನ ಪಡಸಾಲೆ ಕಲ್ಲುಗಳದ್ದು. ವೀರಗಲ್ಲು, ಮಾಸ್ತಿಕಲ್ಲುಗಳ ಜೊತೆಗೆ ನಾಲ್ಕೈದು ಯಂತ್ರದ ಕಲ್ಲುಗಳಿದ್ದವು. ನಮ್ಮ ಕಡೆಯ ಹಳ್ಳಿಗಳಲ್ಲಿ ದನಗಳಿಗೆ ದೊಡ್ಡರೋಗ ಬಂದರೆ ಊರಬಾಗಿಲಲ್ಲಿರುವ ಆ ಕಲ್ಲಿನ ಮೇಲೆ ನೀರು ಸುರಿದು, ಇಳಿದ ನೀರನ್ನು ಕೊಡದಲ್ಲಿ ಹಿಡಿದು ದನಗಳಿಗೆ ಚಿಮುಕಿಸುವುದು ವಾಡಿಕೆ. ಚೌಕಾಬಾರದ ಮನೆಗಳಂತೆ ಗೀಟು ಕೊರೆದು, ಒಂದೊಂದು ಮನೆಯೊಳಗೆ ಒಂದೊಂದು ಅಕ್ಷರ ಬರೆದಿರುತ್ತಾರೆ. ಅರ್ಥವಾಗುವ ಮಾತು ಅದರಲ್ಲಿ ಇರುವುದಿಲ್ಲ. ಇನ್ನೊಂದು ಕಟ್ಟಳೆಯೂ ಉಂಟು. ಒಂದು ಊರಿನ ಕಲ್ಲು ಇನ್ನೊಂದು ಊರಿನ ಗಡಿಯೊಳಗೆ ಬರಬಾರದು. ಬಂದರೆ ಆ ಊರು ಹೊರಗಟ್ಟಿದ ರೋಗವೆಲ್ಲ ಅದರ ಬೆನ್ನು ಹಿಡಿದು ಬರುತ್ತದೆ. ಮಂಚೇನಹಳ್ಳಿ ಕಡೆಯಿಂದ ಒಂದು ಕಲ್ಲನ್ನು ತರುವಾಗ ಗಾಡಿಯವನು ಒಂದು ಊರಿನೊಳಕ್ಕೂ ಬರದೆ ಹೊಲದ ದಾರಿ, ಕೆರೆ ಏರಿ ಹಿಡಿದು ಸುತ್ತಿಸಿಕೊಂಡು ಬಂದಿದ್ದ. ಮತ್ತೆ ಚಿಂತಾಮಣಿಗೆ ಹೇಗೆ ತಂದೆ ಎಂದು ಮೇಷ್ಟ್ರು ಕೇಳಿದರೆ, "ಪೇಟೆಗೇನಾಗ್ತದೆ ಸ್ವಾಮಿ, ಇಲ್ಲಿ ಮೊದ್ಲೇ ಎಲ್ಲಾ ಊರಿನ ರೋಗಾನೂ ಅವೆ," ಎಂದಿದ್ದ.

ಆ ಕಲ್ಲುಗಳಲ್ಲಿ ಒಂದು ನಮ್ಮೂರಿನದು.

ಚಿಕ್ಕವಳಿದ್ದಾಗ ಅದನ್ನು ನಾನು ದೂರದ ಹೊಂಗೆಮರದ ಬುಡದಿಂದ ನೋಡಿದ್ದೆ. ಅಲ್ಲಿಂದ ಮುಂದೆ ನಮಗೆ ದಾರಿಯಿರಲಿಲ್ಲ. ಮೊಣಕಾಲೆತ್ತರದ, ಎಣ್ಣೆ ಕುಡಿದು ಕಾಡಿಗೆಯ ಮುದ್ದೆಯಂತಾಗಿದ್ದ ಕಲ್ಲು, ನೆತ್ತಿಯ ಮೇಲೆ ಅರಿಶಿನ ಕುಂಕುಮ. ಒಂದು ವರ್ಷ ದೊಡ್ಡರೋಗ ಬಂತು. ಬೀದಿಗೆ ಅಡ್ಡವಾಗಿ ಮಾವಿನೆಲೆ ಬೇವಿನೆಲೆಯ ಹಗ್ಗ ಕಟ್ಟಿ ಊರಿನ ದನಗಳನ್ನೆಲ್ಲ ಅದರಡಿ ದಾಟಿಸಿ ನೀರು ಚಿಮುಕಿಸಿದರು. ನಮ್ಮದೊಂದು ಕೆಂದೆತ್ತಿತ್ತು. ಅಪ್ಪ ಅದನ್ನು ಹೊಂಗೆಮರದ ಹತ್ತಿರ ಹಿಡಿದುಕೊಂಡು, "ಬುದ್ದೀ, ಒಂದು ಚೆಂಬು ನೀರು ಇತ್ತ ಎರಚಿ," ಎಂದು ಕೂಗುತ್ತಲೇ ಇದ್ದ. ಯಾರೂ ಬಯ್ಯಲಿಲ್ಲ, ಯಾರೂ ಎರಚಲೂ ಇಲ್ಲ. ಹಗ್ಗ ಬಿಚ್ಚಿಕೊಂಡು ಹೋದರು. ಆ ಎತ್ತು ಸತ್ತಿತು. ಆ ನೀರು ಬಿದ್ದಿದ್ದರೆ ಬದುಕುತ್ತಿತ್ತು ಎಂದು ನಾನು ನಂಬುವುದಿಲ್ಲ. ಅಪ್ಪ ನಂಬಿದ್ದ. ಬೇರೆಯವರ ದನಗಳನ್ನು ಎಳೆದ ಮಿಣಿಯಿಂದಲೇ ಅವನು ಅದನ್ನೂ ಎಳೆದ.

ಆಮೇಲೆ ಊರಿಗೆ ಬಸ್ಸು ಬರುವ ಕಾಲ ಬಂತು. ರಸ್ತೆ ಅಗಲ ಮಾಡುವಾಗ ಕಲ್ಲು ಅಡ್ಡವಾಯಿತು. ರಸ್ತೆ ಕೆಲಸದ ಹೊರಗಿನ ಕೂಲಿಗಳು ಅದನ್ನು ಕಿತ್ತು ಮೋರಿಗೆ ಚಪ್ಪಡಿ ಹಾಕಲು ಹೊರಟಿದ್ದರು. ಈಗ ದನಕ್ಕೆ ಸೂಜಿಮದ್ದು ಬಂದಿದೆ, ಕಲ್ಲು ಯಾಕೆ ಎಂದು ಪಟೇಲರ ಮನೆಯವರೇ ಹೇಳಿದರಂತೆ. ಸುದ್ದಿ ತಿಳಿದು ಮೇಷ್ಟ್ರು ಗಾಡಿ ಕಟ್ಟಿಸಿಕೊಂಡು ಹೋಗಿ ತಂದರು. ತಂದಮೇಲೆ ನೋಡಿದರೆ ಅದು ಮೊಣಕಾಲೆತ್ತರದ ಕಲ್ಲಲ್ಲ. ಮುಕ್ಕಾಲು ಪಾಲು ಮಣ್ಣಿನೊಳಗಿತ್ತು. ಆಳೆತ್ತರದ ಕಲ್ಲು.

ಅದನ್ನು ತೊಳೆದವಳು ನಾನು. ಸೀಗೆಪುಡಿ, ಬಿಸಿನೀರು, ತೆಂಗಿನ ನಾರು. ಎಣ್ಣೆ ಪದರ ಪದರವಾಗಿ ಬಿಟ್ಟುಕೊಂಡಿತು. ಯಾವ ಕಾಲದ್ದೋ ಕರಕಲು ವಾಸನೆ ನನ್ನ ಉಗುರುಗಳಿಂದ ಬಹಳ ದಿನ ಹೋಗಲಿಲ್ಲ. ಒಳಗಿನಿಂದ ಬೂದಿ ಬಣ್ಣದ ಸಾಧಾರಣ ಕಲ್ಲು ಹೊರಬಂತು. ಒಂದೊಂದು ಅಕ್ಷರದ ಕೊರಕಲಿನಲ್ಲೂ ಬೆರಳಾಡಿಸಿ ಮಣ್ಣು ತೆಗೆದೆ. ನನ್ನನ್ನು ಹೊಂಗೆಮರದ ಬುಡದಲ್ಲೇ ನಿಲ್ಲಿಸಿದ್ದ ಕಲ್ಲು ನನಗೆ ಅಂಗೈ ರೇಖೆಯಷ್ಟು ಪರಿಚಯವಾಯಿತು. ಉಳಿದ ಕಲ್ಲುಗಳನ್ನೂ ಹೀಗೇ ತೊಳೆದು ಗೋಡೆಗೆ ಸಾಲಾಗಿ ನಿಲ್ಲಿಸಿದೆವು. ಕಲ್ಲಿಗೆ ಮೈದಾ ಅಂಟು ಹಿಡಿಯುತ್ತಿರಲಿಲ್ಲ, ಹಿಡಿದರೂ ಚೀಟಿಯನ್ನು ಜಿರಳೆ ಬಿಡುತ್ತಿರಲಿಲ್ಲ. ಆದ್ದರಿಂದ ಬುಡದಲ್ಲಿ ಬಿಳಿ ಬಣ್ಣದ ನಂಬರು ಮಾತ್ರ. ಯಾವ ನಂಬರು ಯಾವ ಊರು ಎನ್ನುವುದು ಮೇಷ್ಟ್ರ ತಲೆಯಲ್ಲೂ ನನ್ನ ತಲೆಯಲ್ಲೂ ಇತ್ತು.

ಮರುವರ್ಷ ಬೇಸಿಗೆಗೆ ದೊಡ್ಡರೋಗ ಮತ್ತೆ ಬಂತು. ಪಶುವೈದ್ಯರ ಕಾಂಪೌಂಡರು ಸೂಜಿ ಹಿಡಿದು ಊರಿಗೆ ಹೋದರೆ ಅರ್ಧ ಜನ ದನಗಳನ್ನು ಹೊಲಕ್ಕೆ ಅಟ್ಟಿಬಿಟ್ಟರು. ಕಲ್ಲು ಕಿತ್ತದ್ದಕ್ಕೇ ಹೀಗಾಯಿತು, ಅದೂ ಆ ಕಲ್ಲನ್ನು ಯಾರ ಕೈಗೆ ಕೊಟ್ಟಿದ್ದಾರೆ ನೋಡಿ ಎಂಬ ಮಾತು ಹುಟ್ಟಿತು. ಸಂತೆಗೆ ಬಂದ ಅಪ್ಪ ನನಗೆ ಅದನ್ನು ಹೇಳಿ, "ಸ್ವಲ್ಪ ದಿನ ರಜಾ ಹಾಕವ್ವ," ಎಂದ. ನಮ್ಮ ಹಸುವೂ ಆಗ ಮೇವು ಬಿಟ್ಟಿತ್ತು. ನಾನು ರಜೆ ಹಾಕಲಿಲ್ಲ.

ಅವರು ಬಂದದ್ದು ಒಂದು ಬೆಳಿಗ್ಗೆ. ಮೇಷ್ಟ್ರು ಸಣ್ಣ ರೈಲು ಹತ್ತಿ ಶಿಡ್ಲಘಟ್ಟಕ್ಕೆ ಹೋಗಿದ್ದರು. ಎರಡು ಗಾಡಿಗಳು ಬಂದು ಬೇಲಿಯ ಹತ್ತಿರ ನಿಂತವು. ಇಳಿದ ಗಂಡಸರೆಲ್ಲ ಪೇಟೆಯಾಚೆಯ ಕೆರೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲೇ ಬಂದಿದ್ದರು. ಕೈಯಲ್ಲಿ ಬೆಳಗಿದ ಹಿತ್ತಾಳೆ ಕೊಡಗಳು, ಕೊಡದ ಕಂಠಕ್ಕೆ ಮಾವಿನೆಲೆ. ಮುಂದೆ ಪಟೇಲರ ತಮ್ಮ. ಅವನ ಕೈಯಲ್ಲಿ ಹಾರೆ. ಎಲ್ಲರ ಹಿಂದೆ, ಯಾರೂ ಕರೆಯದಿದ್ದರೂ ಬಂದವಳಂತೆ, ಊರಿನ ಮೇಲಿನ ಬೀದಿಯ ಒಬ್ಬ ಅಜ್ಜಿ ಕಂಕುಳಲ್ಲಿ ಕೊಡವಿಟ್ಟುಕೊಂಡು ನಿಂತಿದ್ದಳು. ಒಂಟಿ ಮುದುಕಿ. ಒಂದು ಹಸು ಇಟ್ಟುಕೊಂಡು ಹಾಲು ಹಾಕಿ ಬದುಕುತ್ತಿದ್ದಳು.

ನಾನು ಬಾಗಿಲಿಗೆ ಬಂದೆ.

"ಕಲ್ಲು ತಗೊಂಡು ಹೋಗಾಕೆ ಬಂದಿದೀವಿ," ಎಂದ ಪಟೇಲರ ತಮ್ಮ. "ಪಕ್ಕಕ್ಕೆ ಸರಿ."

"ಮೇಷ್ಟ್ರು ಊರಲ್ಲಿಲ್ಲ. ಸಾಯಂಕಾಲ ಬರ್ತಾರೆ, ಬಂದ್ಮೇಲೆ ಕೇಳಿ."

"ನಮ್ಮೂರ ಕಲ್ಲಿಗೆ ನಾನು ಯಾರನ್ನ ಕೇಳಬೇಕು? ಅಲ್ಲಿ ದನ ಸಾಯ್ತಾ ಅವೆ. ನಿಮ್ಮಪ್ಪನ್ನ ಕೇಳು, ದಿನಾ ಎಳೀತಾ ಅವ್ನೆ."

"ಗೊತ್ತು. ನಮ್ಮ ಹಸಾನೂ ಮಲಗಿದೆ."

"ಮತ್ತೆ ಇನ್ನೇನು? ಕಲ್ಲು ಊರಿಗೆ ಬಂದ್ರೆ ಎಲ್ರಿಗೂ ಒಳ್ಳೇದು."

"ಎಲ್ರಿಗೂ ಅಂದ್ರೆ? ಕೇರಿ ದನಕ್ಕೂ ನೀರು ಹಾಕ್ತೀರಾ?"

ಅವನು ಹಾರೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಹಿಂದಿನಿಂದ ಯಾರೋ, "ಓದ್ಕೊಂಡೋರು ಲಾಯರ್ ತರ ಕೇಳ್ತಾರಪ್ಪೋ," ಎಂದರು. ಒಂದಿಬ್ಬರು ನಕ್ಕರು.

"ನೋಡಮ್ಮೀ, ಎಲ್ಲಾರೂ ಮಡೀಲಿ ಅವ್ರೆ. ಕಲ್ಲು ಎತ್ತೋರು ಒಪ್ಪತ್ತು ಇದ್ದು ಬಂದವ್ರೆ. ಮೈಲಿಗೆ ಮಾಡಬೇಡ, ಸರಿ."

ಆಗ ನನಗೆ ಹೊಳೆಯಿತು. ಆ ಬಾಗಿಲು ಕಿರಿದು. ಎರಡು ಕೈಗಳನ್ನೂ ಚಾಚಿ ಚೌಕಟ್ಟು ಹಿಡಿದೆ. ನನ್ನನ್ನು ಮುಟ್ಟದೆ ಒಳಗೆ ಹೋಗುವ ದಾರಿ ಅಲ್ಲಿ ಇರಲಿಲ್ಲ. ಮುಟ್ಟಿದರೆ ಅವರ ಮಡಿ ಕೆಡುತ್ತದೆ. ಒಮ್ಮೆ ಕೆಟ್ಟರೆ ಆ ವಾರವೆಲ್ಲ ಕಲ್ಲಿಗೆ ಕೈಹಚ್ಚುವಂತಿಲ್ಲ. ಹುಟ್ಟಿದಾಗಿನಿಂದ ಯಾವುದರಿಂದ ನನ್ನನ್ನು ಹೊರಗೆ ನಿಲ್ಲಿಸಿದ್ದರೋ ಅದನ್ನೇ ಹಿಡಿದು ಅವರನ್ನು ಹೊರಗೆ ನಿಲ್ಲಿಸಿದೆ.

"ನಾನು ಸರಿಯೋದಿಲ್ಲ, ಪಟೇಲ್ರೇ," ಎಂದೆ.

ನಮ್ಮ ಕೇರಿಯವರು ಆ ಮನೆಯವರನ್ನು ಬುದ್ದಿ ಎಂದಲ್ಲದೆ ಬೇರೆ ರೀತಿ ಕರೆದದ್ದಿಲ್ಲ. ಅವನ ಮುಖದಲ್ಲಿ ಏನೋ ಆಡಿತು. ಬಾಗಿಲಿಗೆ ಅಡ್ಡ ನಿಂತದ್ದಕ್ಕಿಂತ ಆ ಒಂದು ಮಾತು ಅವನಿಗೆ ಹೆಚ್ಚು ನಾಟಿತೆಂದು ಈಗಲೂ ನನಗೆ ಅನಿಸುತ್ತದೆ.

"ಲೇ, ಮುಟ್ಟದಂಗೆ ಎತ್ತಿ ಪಕ್ಕಕ್ಕಿಡ್ರೋ ಅಮ್ಮಣ್ಣಿನ," ಎಂದ ಒಬ್ಬ.

"ನೀನೇ ಎತ್ತು. ಆಮೇಲೆ ಇನ್ನೊಂದು ವಾರ ಒಪ್ಪತ್ತು ಮಾಡೀವಂತೆ," ಎಂದ ಇನ್ನೊಬ್ಬ.

ಪಟೇಲರ ತಮ್ಮ ನಗಲಿಲ್ಲ. ಹಾರೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ತೀರ ಸಮಾಧಾನದಿಂದ, ಮಕ್ಕಳಿಗೆ ಹೇಳುವ ಹಾಗೆ ಹೇಳಿದ: "ಕಬ್ಬಿಣಕ್ಕೆ ಮೈಲಿಗೆ ಇಲ್ಲ ಕಣಮ್ಮೀ."

ಹಾರೆ ಮೇಲೆದ್ದದ್ದನ್ನು ನೋಡಿದೆ. ಅದರ ಚಪ್ಪಟೆ ಬಾಯಿಗೆ ಹಸಿ ಮಣ್ಣು ಮೆತ್ತಿತ್ತು. ಕಣ್ಣು ಮುಚ್ಚಿದೆನೋ ಇಲ್ಲವೋ ನೆನಪಿಲ್ಲ. ಸದ್ದು ಕಿವಿಯಲ್ಲಿ ಕೇಳಿಸುವ ಬದಲು ಹಲ್ಲುಗಳಲ್ಲಿ ಕೇಳಿಸಿತು. ಮರದ ಸಿಬಿರುಗಳು ಕೆನ್ನೆಗೆ ಚುಚ್ಚಿಕೊಂಡವು. ಒಳಗೆ ಗಾಜಿನ ಜಾಡಿಗಳೆಲ್ಲ ಒಟ್ಟಿಗೆ ಕಿಣಿಕಿಣಿ ಎಂದವು. ಅವನು ಬೇಕೆಂದೇ ಚೌಕಟ್ಟಿಗೆ ಹೊಡೆದನೋ, ನನಗೆಂದು ಬೀಸಿ ಗುರಿ ತಪ್ಪಿದನೋ? ಸಾವಿರ ಸಲ ಆ ಹಾರೆಯನ್ನು ಮತ್ತೆ ಎತ್ತಿಸಿ ನೋಡಿದ್ದೇನೆ. ತೀರ್ಮಾನವಾಗಿಲ್ಲ. ನನ್ನ ಕೈಗಳು ಮಾತ್ರ ಚೌಕಟ್ಟು ಬಿಟ್ಟಿರಲಿಲ್ಲ. ಧೈರ್ಯದಿಂದಲೋ, ಮರಗಟ್ಟಿಯೋ, ಅದೂ ಗೊತ್ತಿಲ್ಲ. ಬಿಡಲಿಲ್ಲ ಎನ್ನುವುದಷ್ಟೇ ಗೊತ್ತು.

ಅವನು ಹಾರೆಯನ್ನು ಮರದಿಂದ ಕಿತ್ತುಕೊಂಡು ಮತ್ತೆ ಎತ್ತಿದ.

"ನಿಲ್ಸಯ್ಯ," ಎಂದಳು ಅಜ್ಜಿ. ಕೂಗಿದ್ದಲ್ಲ. ಗದರಿದ್ದು. "ಕಲ್ಲಿನ ಮನೆ ಬಾಗಿಲಾಗೆ ರಕ್ತ ಬಿದ್ರೆ ಉಳಿದಿರೋವೂ ಉಳಿಯಲ್ಲ. ನನ್ ಹಸ ಇನ್ನೂ ಜೀವ ಹಿಡ್ಕೊಂಡೈತೆ. ನಿಮ್ ಮನೇವು ಹೋಗ್ತಾ ಅವೆ ಅಂತ ನಂದೂ ಹೋಗಬೇಕಾ?"

ಹಾರೆ ಇಳಿಯಿತು. ಅಷ್ಟರಲ್ಲಿ ನನಗೊಂದು ಯೋಚನೆ ಬಂತು. ಇವರಲ್ಲಿ ಯಾರೂ ಆ ಕಲ್ಲನ್ನು ತೊಳೆದ ಮೇಲೆ ನೋಡಿಲ್ಲ.

ಬಾಗಿಲಿನಿಂದ ಸರಿದು ಗೋಡೆಗೆ ಒರಗಿದೆ.

"ಒಳಗೆ ಬನ್ನಿ. ಹಿಂದಿನ ಪಡಸಾಲೇಲಿದೆ. ನಿಮ್ಮ ಕಲ್ಲನ್ನ ನೀವೇ ಎತ್ಕೊಳ್ಳಿ."

ಅವರು ಗೆದ್ದವರ ಹಾಗೆ ನುಗ್ಗಿದರು. ಚರಕ, ಲಾಂದ್ರ, ಎರಡು ತಲೆಯ ಕುರಿಮರಿ ಯಾವುದನ್ನೂ ನೋಡದೆ ಪಡಸಾಲೆಗೆ ಹೋದರು. ಆಮೇಲೆ ಒದ್ದೆ ಪಾದಗಳ ಸದ್ದು ನಿಂತಿತು.

ಗೋಡೆಯುದ್ದಕ್ಕೂ ಆಳೆತ್ತರದ ಬೂದಿ ಬಣ್ಣದ ಕಲ್ಲುಗಳು. ಒಂದಕ್ಕೂ ಎಣ್ಣೆಯಿಲ್ಲ, ಕುಂಕುಮವಿಲ್ಲ. ನಾಲ್ಕೈದರ ಮೇಲೆ ಒಂದೇ ಬಗೆಯ ಚೌಕಗಳು, ಚೌಕಗಳ ತುಂಬ ಅಕ್ಷರಗಳು.

"ಮನ ರಾಯಿ ಏದಿರಾ?" ಎಂದು ಒಬ್ಬ ತೆಲುಗಿನಲ್ಲಿ ಪಿಸುಗುಟ್ಟಿದ. ನಮ್ಮ ಕಲ್ಲು ಯಾವುದೋ ಎಂದು.

"ಕರ್ರಗಿತ್ತಲ್ಲೋ ನಮ್ದು."

"ಇಷ್ಟುದ್ದ ಇರಲಿಲ್ಲಪ್ಪ. ಮೊಣಕಾಲುದ್ದ ಇತ್ತು."

"ಅದಾ?"

"ಅದು ಮಂಚೇನಹಳ್ಳಿ ಕಡೇದಾದ್ರೆ? ಅವರೂರ ರೋಗಾನೂ ಗಾಡೀಲಿ ಹಾಕ್ಕೊಂಡು ಹೋಗಣ ಅಂತೀಯಾ?"

ಹಾಗೆಂದ ಕೂಡಲೇ ಮುಂದೆ ಹೋಗಿದ್ದವನು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಎಲ್ಲವನ್ನೂ ಹೊತ್ತುಕೊಂಡು ಹೋಗುವಂತಿರಲಿಲ್ಲ, ಒಂದನ್ನು ಅಂದಾಜಿನಲ್ಲಿ ಎತ್ತುವಂತೆಯೂ ಇರಲಿಲ್ಲ. ತಲೆತಲಾಂತರದಿಂದ ಯಾರು ಹತ್ತಿರ ಹೋಗಬೇಕು, ಯಾರು ಹೋಗಬಾರದು ಎಂದು ಕಾವಲು ಕಾದವರಿಗೆ ತಾವು ಕಾದದ್ದರ ಮುಖವೇ ತಿಳಿದಿರಲಿಲ್ಲ. ಅವರು ಕಂಡದ್ದು ಎಣ್ಣೆಯನ್ನು.

ಪಟೇಲರ ತಮ್ಮ ಕಲ್ಲಿನಿಂದ ಕಲ್ಲಿಗೆ ಎರಡು ಸಲ ನಡೆದ. ನನ್ನ ಕಡೆ ತಿರುಗಲು ಅವನಿಗೆ ಬಹಳ ಹೊತ್ತು ಹಿಡಿಯಿತು.

"ಯಾವುದು ಹೇಳು."

ಕೆನ್ನೆಯ ಸಿಬಿರನ್ನು ಕಿತ್ತುಕೊಂಡೆ. ಬೆರಳಿಗೆ ರಕ್ತ ಅಂಟಿತು.

"ತೋರ್ಸವ್ವ," ಎಂದಳು ಅಜ್ಜಿ.

"ತೋರಿಸ್ತೀನಿ ಅಜ್ಜಿ. ಕಲ್ಲು ಇಲ್ಲೇ ಇರುತ್ತೆ. ನೀರು ನಾನು ಸುರೀತೀನಿ. ಕೇರಿಗೂ ಒಂದು ಕೊಡ ಹೋಗಬೇಕು. ಇಷ್ಟಕ್ಕೆ ಒಪ್ಪಿದ್ರೆ ತೋರಿಸ್ತೀನಿ. ಇಲ್ಲಾಂದ್ರೆ ಹುಡುಕ್ಕೊಳ್ಳಿ, ಬಾಗಿಲು ತೆಗೆದೇ ಇದೆ. ಇನ್ನೊಂದು ಮಾತು. ಈ ನೀರಿಂದ ದನ ಉಳಿಯುತ್ತೆ ಅಂತ ನಾನು ಹೇಳ್ತಾ ಇಲ್ಲ. ಕಾಂಪೌಂಡರ್ ಬಂದ್ರೆ ಸೂಜೀನೂ ಹಾಕಿಸ್ಕೊಳ್ಳಿ."

"ಇವಳ ಕೈನೀರು ಬಿದ್ರೆ ಇರೋವೂ ಸಾಯ್ತವೆ," ಎಂದ ಪಟೇಲರ ತಮ್ಮ.

"ನಿಮ್ ಕೈನೀರು ಬಿದ್ದ ವರ್ಷ ಎಷ್ಟು ಬದುಕಿದ್ವು, ನಾನು ನೋಡಿಲ್ವಾ?" ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ನನ್ ಹಸ ಯಾರ ಕೈ ಅಂತ ಕೇಳ್ತಾ ಇಲ್ಲಪ್ಪ. ಯವ್ವಾ, ಯಾವುದು ತೋರ್ಸು."

ಸಾಲಿನಲ್ಲಿ ಮೂರನೆಯ ಕಲ್ಲಿನ ಮೇಲೆ ಅಂಗೈ ಇಟ್ಟೆ. ಎಲ್ಲರೂ ನೋಡಿದರು, ಪೂರ್ತಿ ಅಂಗೈ.

ಹಿತ್ತಲ ಬಾವಿಯಿಂದ ನಾನೇ ನೀರು ಸೇದಿ ತಂದೆ. ಕಲ್ಲಿನ ಬುಡಕ್ಕೆ ಇಡಲು ಏನೂ ಕಾಣದೆ ಗೂಡು ಬೇಯಿಸುವ ಆ ತಾಮ್ರದ ಬಾಣಲೆಯನ್ನು ಎಳೆದು ತಂದಿಟ್ಟೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ನೀರು ನನ್ನ ಕಾಲ ಮೇಲೇ ಬಿತ್ತು.

"ಮೈಮೇಲೆ ಬಂದೈತೆ ಕಣೋ," ಎಂದು ಯಾರೋ ಹಿಂದಕ್ಕೆ ಸರಿದರು.

"ಏನೂ ಬಂದಿಲ್ಲ," ಎಂದೆ. "ಹೆದರಿಕೆ."

ಅಜ್ಜಿಯ ಕೊಡ ತುಂಬಿಸಿದೆ. ಆಮೇಲೆ ಒಬ್ಬ ತನ್ನ ಕೊಡವನ್ನು ನೆಲದ ಮೇಲಿಟ್ಟು ದೂರ ನಿಂತ. ಅದನ್ನೂ ತುಂಬಿಸಿದೆ. ಇನ್ನೊಬ್ಬ ಇಟ್ಟ. ಕೆಲವರು ಇಡಲಿಲ್ಲ. ಖಾಲಿ ಕೊಡ ಹಿಡಿದು ಗಾಡಿಗೆ ಹೋಗಿ ಕೂತರು. ಪಟೇಲರ ತಮ್ಮ ಯಾವಾಗ ಹೊರಗೆ ಹೋದನೋ ನೋಡಲಿಲ್ಲ. ಬೇಲಿಯ ಹತ್ತಿರದಿಂದ, "ನಿಮ್ಮಪ್ಪ ಊರಲ್ಲೇ ಇರಬೇಕು, ಮರೀಬೇಡ," ಎಂದ ಅವನ ದನಿ ಮಾತ್ರ ಕೇಳಿಸಿತು.

ಕೊನೆಗೆ ನಮ್ಮ ಮ್ಯೂಸಿಯಮ್ಮಿನ ಮಣ್ಣಿನ ಕೊಡ ತುಂಬಿಸಿದೆ. ಕೇರಿಯದು. ಅದನ್ನು ಒಯ್ಯಲು ಕೇರಿಯವರು ಯಾರೂ ಅಲ್ಲಿರಲಿಲ್ಲ. ಅಜ್ಜಿ ತನ್ನ ಕೊಡವನ್ನು ಎಡಗಂಕುಳಿಗೆ ಬದಲಾಯಿಸಿಕೊಂಡು, ಬಲಗಂಕುಳನ್ನು ತೋರಿಸಿದಳು.

"ಇಡು ಇಲ್ಲಿ. ನಿಮ್ಮಪ್ಪಂಗೆ ಕೊಟ್ಟು ಹೋಗ್ತೀನಿ."

"ಗಾಡೀಲಿ ಕೂರಿಸ್ತಾರಾ ಅಜ್ಜಿ?"

"ಕೂರಿಸದಿದ್ರೆ ನಡೀತೀನಿ. ಕಾಲೇನು ಅವರದಾ?"

ಮೇಷ್ಟ್ರು ಸಂಜೆ ಬಂದರು. ಪಡಸಾಲೆಯ ತುಂಬ ನೀರು, ಬಾಗಿಲಲ್ಲಿ ಗಾಯ. "ಇದೇನಮ್ಮ, ಒಳಗೇ ಮಳೆ ಬಂತಾ?" ಎಂದು ನಗುತ್ತ ಬಂದವರು ನನ್ನ ಕೆನ್ನೆ ನೋಡಿ ಕೂತುಬಿಟ್ಟರು. ಎಲ್ಲ ಕೇಳಿದ ಮೇಲೆ, "ಕೊಟ್ಟುಬಿಡಬಹುದಿತ್ತಲ್ಲಮ್ಮ. ಜೀವಕ್ಕಿಂತ ಕಲ್ಲು ಹೆಚ್ಚಾ?" ಎಂದರು. ಒಳ್ಳೆಯವರು, ನನ್ನ ಮೇಲಿನ ಪ್ರೀತಿಯಿಂದಲೇ ಕೇಳಿದ್ದು. ಆದರೂ ನನಗೆ ಸಿಟ್ಟು ಬಂತು.

"ಕೊಟ್ಟಿದ್ರೆ ಅದು ಮತ್ತೆ ಹೊಂಗೆಮರದ ಆಚೆ ಹೋಗ್ತಿತ್ತು ಸಾರ್. ಇಲ್ಲಿದ್ರೆ ಅಪ್ಪ ಬಂದು ಮುಟ್ಟಬಹುದು."

ಅವರು ಮಾರನೆಯ ದಿನ ಕಾಂಪೌಂಡರನ್ನು ಜೊತೆಗೆ ಕರೆದುಕೊಂಡು ಊರಿಗೆ ಹೋದರು. ಈ ಸಲ ಹೆಚ್ಚು ಜನ ದನಗಳನ್ನು ಹಿಡಿದು ನಿಂತರಂತೆ. ಅಜ್ಜಿಯ ಹಸು ಉಳಿಯಿತು. ಅದೇ ನೀರು, ಅದೇ ಸೂಜಿ. ನಮ್ಮ ಹಸು ಉಳಿಯಲಿಲ್ಲ. ಕಲ್ಲಿನ ಮಹಿಮೆ ಕೇಳಲು ಬಂದವರಿಗೆ ನಾನು ಎರಡನ್ನೂ ಹೇಳುತ್ತೇನೆ.

ಅದಾದ ಮೇಲೆ ಪಟೇಲರ ಮನೆಯಲ್ಲಿ ಉಳಿದಿದ್ದ ಕೊನೆಯ ಎತ್ತೂ ಸತ್ತಿತು. ಎಳೆಯಲು ಬಾ ಎಂದು ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಹೋಗಲಿಲ್ಲ. ಎರಡನೆಯ ಸಲ ಹೇಳಿಕಳಿಸಿದಾಗ, ಕೂಲಿ ನಿಲ್ಲುತ್ತದೆ, ಹುಲ್ಲು ನಿಲ್ಲುತ್ತದೆ, ಊರ ದಾರಿ ನಿಲ್ಲುತ್ತದೆ ಎಂದರು. ಅಪ್ಪ ಆಗಲೂ ಹೋಗಲಿಲ್ಲ. ಬೇವಿನ ಕೊಂಬೆಯಿಂದ ಮಿಣಿ ಇಳಿಸಿಕೊಂಡು ಹೆಗಲಿಗೆ ಹಾಕಿಕೊಂಡು ನಡೆದೇ ಚಿಂತಾಮಣಿಗೆ ಬಂದ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿದ. ಪಡಸಾಲೆಗೆ ಹೋಗಿ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತ. ಮುಟ್ಟುತ್ತಾನೆಂದು ಕಾದೆ. ಮುಟ್ಟಲಿಲ್ಲ. ಮಿಣಿಯನ್ನು ಹೆಗಲಿನಿಂದ ತೆಗೆದು ನನ್ನ ಕಡೆ ಚಾಚಿದ.

"ಇದನ್ನ ಎಲ್ಲಿ ತೂಗಾಕ್ತೀಯವ್ವ?"

"ಅಪ್ಪ, ಇಲ್ಲಿಡೋದು ಬಳಕೆ ನಿಂತುಹೋದ ಸಾಮಾನು."

"ನಿಂತೈತೆ," ಎಂದ ಅಪ್ಪ. "ಇವತ್ತಿಂದ."

"ಊರಲ್ಲಿ ಬಿಡ್ತಾರಾ?"

"ಬಿಡದಿದ್ರೆ ಎತ್ತು ಅವರೇ ಎಳ್ಕೊಳ್ಲಿ. ಅವರಿಗೂ ಎರಡು ಕೈ ಅವೆ. ಮೊಳೆ ಎಲ್ಲೈತೆ?"

ಸುತ್ತಿಗೆ ನಾನೇ ಹಿಡಿದೆ. ಮೊದಲ ಏಟಿಗೇ ಕುತ್ತಿಗೆ ಎಡಕ್ಕೆ ವಾಲಿತು, ಕಣ್ಣಿಗೆ ಕತ್ತಲೆ ಬಂತು. ಅಪ್ಪ ಸುತ್ತಿಗೆಯನ್ನು ಕಸಿದುಕೊಳ್ಳಲಿಲ್ಲ. ಮೊಳೆ ಹಿಡಿದುಕೊಂಡು, "ಹೊಡಿ," ಎಂದ. ಹೊಡೆದೆ. ಮತ್ತೆ ಬೆಚ್ಚಿದೆ. "ಹೊಡಿ," ಎಂದ. ಮೊಳೆ ಸೊಟ್ಟಗೆ ಇಳಿಯಿತು. ಕಿತ್ತು ನೆಟ್ಟಗೆ ಹೊಡೆಯುವ ಶಕ್ತಿ ಇರಲಿಲ್ಲ. ಅಪ್ಪ ಅದಕ್ಕೇ ಮಿಣಿ ಹಾಕಿ, ಎಳೆದು ನೋಡಿ, ತಡೆಯುತ್ತದೆ ಎಂದ.

ಕಲ್ಲಿನ ಪಕ್ಕದಲ್ಲಿ, ಆ ಸೊಟ್ಟ ಮೊಳೆಗೆ, ಅದು ಈಗಲೂ ತೂಗುತ್ತಿದೆ. ಗೋಡೆಗೆ ಅಂಟು ಹಿಡಿಯುತ್ತದಾದ್ದರಿಂದ ಅದಕ್ಕೆ ಚೀಟಿ ಇದೆ. ಜಿರಳೆ ತಿಂದಾಗಲೆಲ್ಲ ಹೊಸದಾಗಿ ಬರೆದು ಅಂಟಿಸುತ್ತೇನೆ: ಸತ್ತ ದನ ಎಳೆಯುವ ಮಿಣಿ. ಬಳಕೆಯಲ್ಲಿಲ್ಲ.